ದೋಣಿ ಮುಳುಗಿಸೋದಾ, ಬಂದರಲ್ಲೇ ಹಿಡಿಯೋದಾ?

ಅಕ್ರಮ ಮೀನುಗಾರಿಕೆ ತಡೆಯೋಕೆ ಇಂಡೋನೇಷ್ಯಾದ ದಾರಿ ಸರಿಯೋ, ಥಾಯ್ಲೆಂಡಿನದೋ ಅಂತ ಕೇಳಿದ್ದೀರಿ. ಮೊದಲು ಕಳ್ಳ ಹೊರಗಿನವನಾ, ಮನೆಯವನಾ ಅಂತ ನೋಡಬೇಕು.

ಇಂಡೋನೇಷ್ಯಾಕ್ಕೆ ಕಾಟ ಹೆಚ್ಚಾಗಿ ವಿದೇಶಿ ದೋಣಿಗಳದ್ದು. 2014ರಲ್ಲಿ ಅಲ್ಲಿನ ಮೀನುಗಾರಿಕೆ ಸಚಿವೆಯಾದ ಸೂಸಿ ಪುಜಿಯಾಸ್ತುತಿ ಐದು ವರ್ಷದಲ್ಲಿ ಹಿಡಿದ 500ಕ್ಕೂ ಹೆಚ್ಚು ದೋಣಿಗಳನ್ನು ಮುಳುಗಿಸಿಬಿಟ್ಟರು. ಥಾಯ್ಲೆಂಡಿನಲ್ಲಿ ತಪ್ಪು ಸ್ವಂತ ದೋಣಿಗಳದ್ದೇ. 2015ರಲ್ಲಿ ಯುರೋಪಿಯನ್ ಒಕ್ಕೂಟ ಹಳದಿ ಕಾರ್ಡ್ ತೋರಿಸಿತು, ಅಂದರೆ ಅಕ್ರಮ ತಡೆಯದಿದ್ದರೆ ನಿಮ್ಮ ಮೀನು ಕೊಳ್ಳೋದಿಲ್ಲ ಅನ್ನೋ ಎಚ್ಚರಿಕೆ. ಮೀನು ರಫ್ತು ನಿಂತರೆ ಗತಿಯೇನು? ದೊಡ್ಡ ದೋಣಿಗಳಿಗೆ ಉಪಗ್ರಹ ಟ್ರ್ಯಾಕಿಂಗ್ ಬಂತು. ಬಂದರು ಬಿಡುವಾಗ, ಬರುವಾಗ ತಪಾಸಣೆ ಶುರುವಾಯಿತು. 2019ರಲ್ಲಿ ಕಾರ್ಡ್ ಹೋಯಿತು.

ಬೇಗ ಭಯ ಹುಟ್ಟಿಸೋದು ಮುಳುಗಿಸುವ ದಾರಿ. ಆದರೆ ಗಸ್ತು ಹಡಗು ಬೇಕು, ಪಕ್ಕದ ದೇಶದ ಮುನಿಸೂ ಸಹಿಸಬೇಕು. ಸಚಿವರು ಬದಲಾದರೆ ಉತ್ಸಾಹವೂ ಬದಲಾಗುತ್ತೆ. ಬಂದರಿನ ತಪಾಸಣೆ ನಿಧಾನ, ದಿನಾ ಸಿಬ್ಬಂದಿ ಬೇಕು, ದೋಣಿ ಮಾಲೀಕರ ಗೊಣಗಾಟ ತಪ್ಪಲ್ಲ. ಆದರೆ ಯಾವ ದೋಣಿ ಹೋಯಿತು, ಬಂತು ಅನ್ನೋ ಲೆಕ್ಕ ಉಳಿಯುತ್ತೆ.

ಗಡಿ ದಾಟಿ ಬರುವವರಿಗೆ ಮೊದಲನೆಯದು. ನಮ್ಮ ಕರಾವಳಿಯಲ್ಲಿ 2017ರಿಂದ ನಿಷೇಧವಿರುವ ಲೈಟ್ ಫಿಶಿಂಗ್‌ನಂಥದ್ದಕ್ಕೆ (ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯೋದು) ಎರಡನೆಯದೇ ಹೊಂದುತ್ತೆ. ಆ ಬೋಟು ಸಂಜೆ ಹೊರಡೋದು ನಮ್ಮ ಬಂದರಿನಿಂದಲೇ ಅಲ್ವಾ? ನಾಡದೋಣಿಯವರನ್ನು ಮಾತ್ರ ಕಾಗದಪತ್ರಕ್ಕೆ ಅಲೆಸಬಾರದು.