‘ಬೇಡ’ ಎಂದರೆ ಬೇಡ ಎಂದೇ: ನಮ್ಮೂರ ಪ್ರೌಢಶಾಲೆಯಲ್ಲಿ ನಡೆದ ಕಾರ್ಯಾಗಾರದ ಬಗ್ಗೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರ ಪ್ರೌಢಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಸ್ವಯಂಸೇವಾ ಸಂಸ್ಥೆಯೊಂದು ಒಂದು ದಿನದ ಕಾರ್ಯಾಗಾರ ನಡೆಸಿತು. ಸಿನಿಮಾ ಮತ್ತು ರೀಲ್ಸ್‌ಗಳು ಕಟ್ಟಿಕೊಡುವ ಗಂಡು-ಹೆಣ್ಣಿನ ಚಿತ್ರಕ್ಕೂ ಹದಿಹರೆಯದವರ ನಡುವಿನ ಬಲವಂತಕ್ಕೂ ಇರುವ ನಂಟು ಅದರ ವಿಷಯ. ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿಯಾಗಿ ನಾನು ಬೆಳಗಿನಿಂದ ಸಂಜೆಯವರೆಗೂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ.

ಬೆಳಗಿನ ಅವಧಿ ಅಪರೂಪದ್ದಾಗಿತ್ತು. ನಾಯಕ ದಿನವೂ ಹಿಂಬಾಲಿಸಿ, ದಾರಿಗಡ್ಡ ನಿಂತು, ಕೊನೆಗೆ ನಾಯಕಿಯ ನಗು ಗೆಲ್ಲುವ, ನಾವೆಲ್ಲ ನೂರು ಸಲ ನೋಡಿರುವಂಥ ಕಥೆಯನ್ನು ಹೇಳಿ, ಅದನ್ನೇ ಹುಡುಗಿಯ ದಿನಚರಿಯಾಗಿ ಬರೆಯುವಂತೆ ತರಬೇತುದಾರರು ಮಕ್ಕಳಿಗೆ ಹೇಳಿದರು. ‘ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ, ನಿಲ್ದಾಣದಲ್ಲಿ ನಾನು ಮತ್ತು ಅವನು ಬಿಟ್ಟರೆ ಯಾರೂ ಇಲ್ಲ’ ಎಂದು ಬರೆದವನು ಒಬ್ಬ ಹುಡುಗ. ತೋಟದ ದಾರಿಯಲ್ಲಿ ಮೂರು ಕಿಲೋಮೀಟರ್ ನಡೆದು ಬಸ್ಸು ಹಿಡಿಯುವ ಮಕ್ಕಳಿಗೆ ಆ ಸಾಲು ವಿವರಣೆಯಿಲ್ಲದೆ ಅರ್ಥವಾಯಿತು. ತರಗತಿ ಬಹಳ ಹೊತ್ತು ಮೌನವಾಗಿತ್ತು.

ಬಲವಂತವೆಂದರೆ ಕೈಹಿಡಿದು ಎಳೆಯುವುದಷ್ಟೇ ಅಲ್ಲ, ಹತ್ತು ಸಲ ಪೀಡಿಸಿ ಒಪ್ಪಿಸುವುದು, ‘ಪ್ರೀತಿಯಿದ್ದರೆ ಫೋಟೊ ಕಳಿಸು’ ಎನ್ನುವುದು, ‘ಸಾಯುತ್ತೇನೆ’ ಎಂದು ಹೆದರಿಸುವುದು ಕೂಡ ಬಲವಂತವೇ ಎಂಬುದನ್ನು ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಸಿನಿಮಾ ನೋಡಿದವರೆಲ್ಲ ತಪ್ಪು ಮಾಡುತ್ತಾರೆ ಎಂಬ ಸುಲಭದ ಮಾತನ್ನು ಅವರು ಆಡಲಿಲ್ಲ; ಹುಡುಗಿಯ ನಿರಾಕರಣೆಯನ್ನು ನಾಚಿಕೆಯೆಂದೂ, ಹುಡುಗ ಹಿಂದೆ ಸರಿಯುವುದನ್ನು ಗಂಡಸುತನದ ಸೋಲೆಂದೂ ಮನೆಯಲ್ಲಿಯೇ ಕಲಿತ ಮನಸ್ಸಿಗೆ ತೆರೆಯ ಚಿತ್ರಗಳು ಹದ ಮಾಡಿದ ಗದ್ದೆಗೆ ಬಿದ್ದ ಬೀಜದಂತೆ ಎಂದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 45ರಷ್ಟು ಮಹಿಳೆಯರು ಮತ್ತು ಶೇ 44ರಷ್ಟು ಪುರುಷರು ಕೆಲವು ಸಂದರ್ಭಗಳಲ್ಲಿ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೆಂದಿದ್ದಾರೆ. ಆ ಅಂಕಿಗಳನ್ನು ನೆನೆದರೆ ದೂರನ್ನೆಲ್ಲ ಮೊಬೈಲಿನ ಮೇಲೆ ಹೊರಿಸಲು ನನಗೂ ಮನಸ್ಸಾಗುವುದಿಲ್ಲ.

ಮಧ್ಯಾಹ್ನದ ಅವಧಿ ಮಾತ್ರ ನಿರಾಸೆ ತಂದಿತು. ಹುಡುಗಿಯರನ್ನು ಬೇರೆ ಕೋಣೆಗೆ ಕರೆದೊಯ್ದು ಉಡುಪು, ಫೋನು, ಒಂಟಿ ಓಡಾಟದ ಬಗ್ಗೆ ಎಚ್ಚರಿಕೆ ಹೇಳಲಾಯಿತು. ಹುಡುಗರಿಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ ಶಿಕ್ಷೆಗಳನ್ನು ಓದಿ ಹೇಳಲಾಯಿತು. ಬೆಳಿಗ್ಗೆ ಪ್ರಶ್ನಿಸಿದ ಕಟ್ಟಳೆಯನ್ನೇ ಮಧ್ಯಾಹ್ನ ಎರಡು ಕೋಣೆಗಳಲ್ಲಿ ಮತ್ತೆ ಕಟ್ಟಿದಂತಾಯಿತು. ಆ ಕಾಯ್ದೆ ಹದಿನೆಂಟು ತುಂಬದ ಹುಡುಗ-ಹುಡುಗಿಯರಿಬ್ಬರನ್ನೂ ಕಾಯುತ್ತದೆ. ಹಾಗಿದ್ದರೂ ದೌರ್ಜನ್ಯಕ್ಕೆ ಒಳಗಾದ ಹುಡುಗ ಯಾರ ಬಳಿ ಹೋಗಬೇಕೆಂಬುದನ್ನು ಯಾರೂ ಹೇಳಲಿಲ್ಲ. 1098 ಮಕ್ಕಳ ಸಹಾಯವಾಣಿಯನ್ನು ಫಲಕದ ಮೇಲೆ ಬರೆದರೇ ಹೊರತು, ಕರೆ ಮಾಡಿದರೆ ಮುಂದೇನಾಗುತ್ತದೆ ಎಂಬುದನ್ನು ವಿವರಿಸಲಿಲ್ಲ. ಹಾಳೆಗಳಲ್ಲಿದ್ದ ‘ಸಮ್ಮತಿ’ ಎಂಬ ಪದ ಮಕ್ಕಳಿಗೆ ತಟ್ಟಲಿಲ್ಲ. ‘ಒಪ್ಪಿಗೆ’ ಎಂದಾಗ ತಟ್ಟನೆ ತಿಳಿಯಿತು.

ಪೋಷಕರ ಸಭೆಯನ್ನು ಸಂಜೆ, ಕೊನೆಯ ಬಸ್ಸಿನ ಹೊತ್ತಿಗೆ ಇಟ್ಟಿದ್ದರು. ಬಂದವರು ಹನ್ನೊಂದು ಮಂದಿ, ಅವರಲ್ಲಿ ತಂದೆಯರು ಇಬ್ಬರೇ.

ಇಷ್ಟಿದ್ದರೂ ಆ ಬೆಳಗಿನ ಎರಡು ಗಂಟೆಗಾಗಿಯೇ ಈ ಕಾರ್ಯಾಗಾರವನ್ನು ಹೊಸನಗರ, ಸಾಗರದ ಕಡೆಯ ಶಾಲೆಗಳೂ ಕರೆಸಿಕೊಳ್ಳಬೇಕೆಂದು ನಾನು ಮನಃಪೂರ್ವಕವಾಗಿ ಕೇಳುತ್ತೇನೆ. ಕರೆಸುವವರು ಮಧ್ಯಾಹ್ನವೂ ಮಕ್ಕಳನ್ನು ಒಟ್ಟಿಗೇ ಕೂರಿಸುವಂತೆ ಮೊದಲೇ ಮಾತಾಡಿಕೊಳ್ಳಲಿ, ಪೋಷಕರ ಸಭೆಯನ್ನು ಅಡಿಕೆ ಕೊಯ್ಲು ಮುಗಿದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಇಡಲಿ, ತಂದೆಯರಿಗೆ ಬೇರೆಯಾಗಿಯೇ ಕರೆ ಕಳಿಸಲಿ.