ಬಿದ್ದದ್ದು ತೋಟದಲ್ಲಿ, ಆಸ್ಪತ್ರೆ ಚೀಟಿಯಲ್ಲಿ ಬರೆಸಿದ್ದು ‘ಮನೆಯಲ್ಲಿ’: ತೋಟದ ಕೆಲಸಕ್ಕೆ ಹೋಗುವವರು ದಯವಿಟ್ಟು ಓದಿ

ಕೆಲಸದಲ್ಲಿ ಪೆಟ್ಟಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಮೊದಲು ಕೇಳುವುದು ‘ಎಲ್ಲಿ ಬಿದ್ದದ್ದು, ಹೇಗೆ ಬಿದ್ದದ್ದು’ ಅಂತ. ಆಗ ಯಾರು ಏನೇ ಹೇಳಿಕೊಟ್ಟರೂ ಸುಳ್ಳು ಹೇಳಬೇಡಿ. ನಾನು ಹೇಳಿದೆ. ನನ್ನ ಬಾಯಿಂದಲೇ ಹೇಳಿದೆ. ಆ ಒಂದು ಮಾತಿಗೆ ನಮ್ಮ ಅಣ್ಣ ಇವತ್ತಿಗೂ ಕೋರ್ಟಿಗೆ ಅಲೆಯುತ್ತಿದ್ದಾನೆ.

ಇದನ್ನು ಬರೆಯಬೇಕೋ ಬೇಡವೋ ಅಂತ ಎಷ್ಟೋ ದಿನ ಸುಮ್ಮನಿದ್ದೆ. ನಾಚಿಕೆ. ನಮ್ಮ ಮನೆಯಲ್ಲಿ ಪಿಯುಸಿವರೆಗೆ ಓದಿದವನು ನಾನೊಬ್ಬನೇ. ಬ್ಯಾಂಕಿನ ಕಾಗದವಾಗಲಿ ರೇಷನ್ ಕಾರ್ಡಾಗಲಿ, ಅಣ್ಣ ನನ್ನ ಕೈಗೇ ಕೊಡುತ್ತಾನೆ. ನಾನು ಸರಿ ಅಂದರೆ ಅವನಿಗೆ ಸರಿ. ಹೋದ ವಾರ ಕೊಡಗಿನ ಸಿದ್ದಾಪುರದಲ್ಲಿ ನನ್ನ ಆಟೋ ಹತ್ತಿದ ಒಬ್ಬರು ಅಕ್ಕ ಅಳುತ್ತಾ ತಮ್ಮ ಕಷ್ಟ ಹೇಳಿಕೊಂಡರು. ಅವರ ಗಂಡ ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಬಿದ್ದಿದ್ದಾರೆ. ಅವರಿಗೂ ಅದೇ ಮಾತು, ‘ಮನೇಲಿ ಬಿದ್ದದ್ದು ಅಂತ ಹೇಳಿ, ಇಲ್ಲಾಂದ್ರೆ ಪೊಲೀಸ್ ತಾಪತ್ರಯ’. ಅಕ್ಷರ ಕೂಡ ಬದಲಾಗಿಲ್ಲ. ಅದಕ್ಕೇ ಇನ್ನು ನಾಚಿಕೆ ನೋಡದೆ ಬರೆಯುತ್ತಿದ್ದೇನೆ.

ನಮ್ಮದು ನಡೆದದ್ದು 2023ರ ಮಾರ್ಚಿನಲ್ಲಿ. ಕರಿಮೆಣಸು ಕೊಯ್ಲಿನ ಸಮಯ. ಕೆಲಸಕ್ಕೆ ಆಳು ಕರೆದುಕೊಂಡು ಹೋಗುವ ಮೇಸ್ತ್ರಿ ಹನ್ನೆರಡು ಜನರನ್ನು ಜೀಪಿನಲ್ಲಿ ಒಂದು ಕಾಫಿ ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದ. ತೋಟದ ಹೆಸರು ಹಾಕುವುದಿಲ್ಲ, ಕೇಸು ನಡೆಯುತ್ತಿದೆ. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿ, ಬಿದಿರಿನ ಏಣಿ. ಸೊಂಟಕ್ಕೆ ಕಟ್ಟಲು ಬೆಲ್ಟ್ ಕೊಟ್ಟಿರಲಿಲ್ಲ, ಕೆಳಗೆ ಏಣಿ ಹಿಡಿಯಲು ಜನವೂ ಇರಲಿಲ್ಲ. ಹದಿನೆಂಟು ಇಪ್ಪತ್ತು ಅಡಿ ಮೇಲಿಂದ ಏಣಿ ಜಾರಿತು. ಅಣ್ಣ ಕಾಲೂರಿ ಬಿದ್ದ. ಬಲಗಾಲಿನ ಹಿಮ್ಮಡಿ ಮೂಳೆ ಚೂರಾಗಿತ್ತು.

ಸುದ್ದಿ ಬಂದು ನಾನು ಹೋಗುವಷ್ಟರಲ್ಲಿ ಅವನನ್ನು ತೋಟದ ಪಿಕಪ್‌ನಲ್ಲಿ ಮಲಗಿಸಿದ್ದರು. ತೋಟದ ಲೆಕ್ಕಪತ್ರ ನೋಡುವ ರೈಟರ್ ನನ್ನ ಪಕ್ಕ ಕೂತರು. ನನ್ನ ಭುಜದ ಮೇಲೆ ಕೈ ಇಟ್ಟು, ಬಹಳ ಮೆತ್ತಗೆ ಹೇಳಿದರು. ‘ತಮ್ಮಾ, ತೋಟದಲ್ಲಿ ಬಿದ್ದದ್ದು ಅಂದ್ರೆ ಎಂಎಲ್‌ಸಿ ಮಾಡ್ತಾರೆ, ಅಂದ್ರೆ ಆಸ್ಪತ್ರೆಯವರು ಪೊಲೀಸ್‌ಗೆ ತಿಳಿಸೋ ಕೇಸ್. ಪೊಲೀಸ್ ಬಂದು ಬರ್ಕೊಂಡು ಹೋಗೋವರೆಗೆ ಡಾಕ್ಟರು ಮುಟ್ಟಲ್ಲ. ನಿಂಗೆ ನಿಮ್ಮಣ್ಣನ ಕಾಲು ಬೇಕಾ, ಕೇಸ್ ಬೇಕಾ? ಮನೆ ಹಂಚು ಸರಿ ಮಾಡುವಾಗ ಬಿದ್ದ ಅಂತ ಹೇಳು. ಖರ್ಚು ಸಾಹುಕಾರ್ರು ನೋಡ್ಕೊಳ್ತಾರೆ.’

ಅಣ್ಣ ನೋವಿಗೆ ಕೂಗುತ್ತಿದ್ದ. ನನಗೆ ಬೇರೇನೂ ತೋಚಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ‘ಮನೇಲಿ ಸಾರ್, ಹಂಚು ಸರಿ ಮಾಡ್ತಿದ್ದ’ ಅಂದೆ. ಅವರು ಬರೆದುಕೊಂಡರು. ಅಷ್ಟೇ. ಅರ್ಧ ನಿಮಿಷದ ಮಾತು.

ಪೊಲೀಸ್ ಬರುವವರೆಗೆ ಡಾಕ್ಟರು ಮುಟ್ಟುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಮೊದಲು ಚಿಕಿತ್ಸೆ, ಪೊಲೀಸ್ ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮೂವತ್ತು ವರ್ಷದ ಮೇಲಾಯಿತು. ನನಗೆ ಗೊತ್ತಿರಲಿಲ್ಲ. ರೈಟರಿಗೆ ಗೊತ್ತಿತ್ತೋ ಇಲ್ಲವೋ, ಆದರೆ ಆ ಚೀಟಿಯಲ್ಲಿ ‘ತೋಟ’ ಅನ್ನುವ ಪದ ಬರಬಾರದು ಅನ್ನುವುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೈಸೂರಿನಲ್ಲಿ ಆಪರೇಷನ್ ಆಯಿತು. ಪ್ಲೇಟ್ ಹಾಕಿದರು. 85,000 ಬಿಲ್ಲು. ಸಾಹುಕಾರರೇ ಕಟ್ಟಿದರು. ಆಗ ನಾವು ಅವರನ್ನು ದೇವರ ಹಾಗೆ ನೋಡಿದೆವು. ಅತ್ತಿಗೆ ಅವರ ಹೆಸರಲ್ಲಿ ಪೂಜೆ ಮಾಡಿಸಿದರು. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಜೂನ್ ತಿಂಗಳು. ಮಳೆ ಹಿಡಿದಿತ್ತು. ಒಂದು ಸಂಜೆ ರೈಟರ್ ಮನೆಗೆ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ 40,000 ರೂಪಾಯಿ, ಜೊತೆಗೆ ಒಂದು ಛಾಪಾ ಕಾಗದ. ಮೂರು ತಿಂಗಳಿಂದ ಮನೆಯಲ್ಲಿ ಕೂಲಿ ಇಲ್ಲ. ಅಂಗಡಿಯಲ್ಲಿ ಸಾಲ. ಮಕ್ಕಳ ಸ್ಕೂಲು ಶುರುವಾಗಿತ್ತು. ಅತ್ತಿಗೆ ದುಡ್ಡು ನೋಡಿ ಅತ್ತರು.

‘ಇದು ಸುಮ್ನೆ ಲೆಕ್ಕಕ್ಕೆ. ಆಡಿಟ್‌ಗೆ ಬೇಕು. ಒಂದು ಸೈನ್’ ಅಂದರು ರೈಟರ್. ಅಣ್ಣ ಕಾಗದ ನನ್ನ ಕೈಗೆ ಕೊಟ್ಟ. ನಾನು ಓದಿದೆ. ಪೂರ್ತಿ ಓದಿದೆ. ‘ಮನೆಯಲ್ಲಿ ಆದ ಆಕಸ್ಮಿಕಕ್ಕೆ ಮಾನವೀಯತೆಯಿಂದ ನೀಡಿದ ಸಹಾಯಧನ’ ಅಂತ ಇತ್ತು. ಕೊನೆಗೆ ‘ಮುಂದೆ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ’ ಅಂತ ಇತ್ತು. ಮನಸ್ಸಿಗೆ ಚುಚ್ಚಿತು. ಕೇಳಿಯೂ ಕೇಳಿದೆ, ‘ಇದೇನು ಸಾರ್, ಮನೇಲಿ ಅಂತ ಇದೆಯಲ್ಲ?’

ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ‘ಆಸ್ಪತ್ರೆಯಲ್ಲಿ ನೀನೇ ಹಾಗೆ ಹೇಳಿದ್ದಲ್ವಾ? ಎರಡೂ ಒಂದೇ ಥರ ಇರ್ಬೇಕಲ್ಲ. ಹಕ್ಕು ಬಾಧ್ಯತೆ ಎಲ್ಲ ಕಾಗದದಲ್ಲೂ ಇರೋ ಮಾತು. ಕಾಲು ಸರಿಯಾಗ್ಲಿ, ನಿಮ್ಮಣ್ಣನಿಗೆ ಗೇಟ್ ಕೆಲಸ ಕೊಡ್ತೀವಿ.’

ನನ್ನ ಜೇಬಿನಲ್ಲಿದ್ದ ಪೆನ್ನು ನಾನೇ ತೆಗೆದು ಅಣ್ಣನಿಗೆ ಕೊಟ್ಟೆ. ಸಾಕ್ಷಿ ಅಂತ ಕೆಳಗೆ ನಾನೂ ಸೈನ್ ಹಾಕಿದೆ. ನಮಗೆ ಅದರ ಒಂದು ಜೆರಾಕ್ಸ್ ಕೂಡ ಕೊಡಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಸುಳ್ಳು ಹೇಳಿದವನೂ ನಾನೇ, ಆ ಸುಳ್ಳಿಗೆ ಸಾಕ್ಷಿ ಹಾಕಿದವನೂ ನಾನೇ.

ಆಮೇಲಿನದನ್ನು ಜಾಸ್ತಿ ಹೇಳಬೇಕಾಗಿಲ್ಲ. ಅಣ್ಣನ ಹಿಮ್ಮಡಿ ಮೊದಲಿನ ಹಾಗೆ ಆಗಲಿಲ್ಲ. ಇಳಿಜಾರಿನಲ್ಲಿ ನಡೆಯಲು ಆಗುವುದಿಲ್ಲ, ಏಣಿ ಹತ್ತುವ ಮಾತೇ ಇಲ್ಲ. ಕೊಡಗಿನಲ್ಲಿ ಇಳಿಜಾರು ಇಲ್ಲದ ತೋಟ ಎಲ್ಲಿದೆ? ಗೇಟ್ ಕೆಲಸ ಕೇಳಿದರೆ ಒಂದೊಂದು ಸಲ ಒಂದೊಂದು ಉತ್ತರ. ‘ಸಾಹುಕಾರ್ರು ಬೆಂಗಳೂರಲ್ಲಿದ್ದಾರೆ.’ ‘ಕಾಫಿ ದುಡ್ಡು ಬರ್ಲಿ.’ ‘ಮಳೆ ಮುಗೀಲಿ.’ ಒಂದು ವರ್ಷ ಹೀಗೇ ಹೋಯಿತು. ಕೊನೆಗೆ ನಾನು ಜಗಳಕ್ಕೆ ನಿಂತಾಗ ಮಾತಿನ ಧಾಟಿಯೇ ಬೇರೆ. ‘ಅವನು ನಮ್ಮ ಚೆಕ್‌ರೋಲಿನಲ್ಲೇ, ಹಾಜರಿ ಪುಸ್ತಕದಲ್ಲೇ ಇಲ್ಲ. ಮೇಸ್ತ್ರಿ ಕರ್ಕೊಂಡು ಬಂದವನು. ಕೊಯ್ದ ಕೆಜಿ ಲೆಕ್ಕದಲ್ಲಿ ಕೂಲಿ ತಗೊಳ್ಳೋನು. ಆಸ್ಪತ್ರೆ ದುಡ್ಡು ಕೊಟ್ವಿ, ಮೇಲೆ 40,000 ಕೊಟ್ವಿ. ಕೋರ್ಟಿಗೆ ಹೋಗೋದಾದ್ರೆ ಹೋಗು, ನಿನ್ನ ಸೈನ್ ಇರೋ ಕಾಗದ ನಮ್ಮ ಹತ್ರ ಇದೆ.’

ನಿನ್ನ ಸೈನ್. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಆವತ್ತು ಭುಜದ ಮೇಲೆ ಕೈ ಇಟ್ಟು ತಮ್ಮಾ ಅಂದವರು ಇವರೇ.

ಮೇಸ್ತ್ರಿಯ ಹತ್ತಿರ ಹೋದರೆ ಅವನು, ‘ನಾನೂ ನಿಮ್ಮ ಹಾಗೇ ಕೂಲಿಯವನು, ನಂದೇನಿದೆ’ ಅಂದ.

2024ರ ನವೆಂಬರಿನಲ್ಲಿ ವಿರಾಜಪೇಟೆಗೆ ಬಾಡಿಗೆ ಹೋಗಿದ್ದೆ. ಕೋರ್ಟಿನ ಹತ್ತಿರ ಉಚಿತ ಕಾನೂನು ನೆರವು ಅಂತ ಬೋರ್ಡ್ ನೋಡಿದೆ. ತಾಲೂಕು ಕಾನೂನು ಸೇವಾ ಸಮಿತಿಯದು. ಒಳಗೆ ಹೋದೆ. ಅಲ್ಲಿಂದ ಒಬ್ಬರು ಲಾಯರ್ ಮೇಡಂ ಸಿಕ್ಕಿದರು. ಫೀಸು ಇಲ್ಲ. ಎಲ್ಲ ಕೇಳಿಸಿಕೊಂಡು ಅವರು ಮೊದಲು ಕೇಳಿದ್ದು, ‘ಬಿದ್ದು ಎರಡು ವರ್ಷ ಆಯ್ತಾ?’ ಇಲ್ಲ ಮೇಡಂ, ಮಾರ್ಚಿಗೆ ಆಗುತ್ತೆ ಅಂದೆ. ‘ಪುಣ್ಯ’ ಅಂದರು. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಅರ್ಜಿ ಹಾಕಲು ಇದ್ದದ್ದು ಎರಡೇ ವರ್ಷ. ‘ಕಾಫಿ ದುಡ್ಡು ಬರ್ಲಿ, ಮಳೆ ಮುಗೀಲಿ’ ಅಂತ ನಮ್ಮನ್ನು ತಳ್ಳುತ್ತಾ ಬಂದದ್ದು ಯಾಕೆ ಅಂತ ಆಗ ಅರ್ಥವಾಯಿತು. ಇನ್ನು ನಾಲ್ಕು ತಿಂಗಳು ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು.

ಆವತ್ತು ಮೇಡಂ ಹೇಳಿದ್ದನ್ನು ಕೇಳುತ್ತಾ ಕೂತಲ್ಲೇ ಬೆವರಿದೆ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಅಂತ ಕೆಲಸಗಾರನಿಂದ ಬರೆಸಿಕೊಂಡ ಕಾಗದ ಆ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ನಡೆಯುವುದೇ ಇಲ್ಲ. ನಾನು ಯಾವ ಕಾಗದಕ್ಕೆ ಹೆದರಿ ಒಂದೂವರೆ ವರ್ಷ ನಿದ್ದೆಗೆಟ್ಟೆನೋ ಅದಕ್ಕೆ ಬೆಲೆಯೇ ಇಲ್ಲ. ಮೇಸ್ತ್ರಿ ಕರೆದುಕೊಂಡು ಬಂದರೂ ತೋಟದ ಕೆಲಸವೇ ಮಾಡುತ್ತಿದ್ದರೆ ಮಾಲೀಕರೇ ಕೊಡಬೇಕು, ಆಮೇಲೆ ಬೇಕಿದ್ದರೆ ಅವರು ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಲಿ. ಕಾಫಿ ತೋಟದ ಹೆಸರು ಕಾಯ್ದೆಯ ಪಟ್ಟಿಯಲ್ಲೇ ಇದೆ. ಆಸ್ಪತ್ರೆ ಖರ್ಚು ಮಾಲೀಕರು ಕೊಡಬೇಕಾದ್ದೇ, ಅದನ್ನು ಪರಿಹಾರದಲ್ಲಿ ಹಿಡಿಯುವ ಹಾಗಿಲ್ಲ. ಅಂದರೆ ಆ 85,000 ದಾನ ಅಲ್ಲ. ಅತ್ತಿಗೆ ಪೂಜೆ ಮಾಡಿಸಿದ್ದು ನೆನಪಾಯಿತು.

ಇನ್ನೊಂದು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ‘ನಿನಗೆ ಪರಿಹಾರದ ಹಕ್ಕಿದೆ’ ಅಂತ ಮಾಲೀಕರು ಬರಹದಲ್ಲಿ, ಆ ಊರಿಗೆ ಗೊತ್ತಿರುವ ಭಾಷೆಯಲ್ಲಿ ತಿಳಿಸಬೇಕು ಅಂತ 2017ರಲ್ಲಿ ಕಾಯ್ದೆಗೆ ಸೇರಿಸಿದ್ದರು. ತಿಳಿಸದಿದ್ದರೆ 50,000ದಿಂದ ಒಂದು ಲಕ್ಷದವರೆಗೆ ದಂಡ. ನಾನು ಎಷ್ಟೋ ತೋಟದವರನ್ನು ಕೇಳಿದ್ದೇನೆ. ಅಂಥ ಕಾಗದ ಕೈಯಲ್ಲಿ ಹಿಡಿದವರು ಒಬ್ಬರೂ ಸಿಕ್ಕಿಲ್ಲ.

ಲೆಕ್ಕವನ್ನೂ ಹೇಳುತ್ತೇನೆ, ಯಾಕಂದರೆ 40,000 ದೊಡ್ಡದು ಅಂತ ನಾವು ತಿಳಿದಿದ್ದೆವು. ಅಣ್ಣನಿಗೆ ಆಗ 40 ವರ್ಷ. ಆ ವಯಸ್ಸಿಗೆ ಕಾಯ್ದೆಯ ಕೋಷ್ಟಕದಲ್ಲಿ 184.17 ಅಂತ ಒಂದು ಅಂಕಿ ಇದೆ. ತಿಂಗಳ ಕೂಲಿ 12,000 ಅಂತ ಹಿಡಿದರೆ ಅದರ 60 ಪರ್ಸೆಂಟ್ 7,200. ಅದನ್ನು ಆ ಅಂಕಿಯಿಂದ ಗುಣಿಸಿದರೆ 13,26,024. ದುಡಿಯುವ ಶಕ್ತಿ ಎಷ್ಟು ಹೋಗಿದೆ ಅಂತ ಡಾಕ್ಟರು ಹೇಳುತ್ತಾರೋ ಅಷ್ಟು ಪಾಲು ಸಿಗುತ್ತದೆ. 20 ಪರ್ಸೆಂಟ್ ಅಂದರೂ 2,65,000 ದಾಟುತ್ತದೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಬೇರೆ. ಪ್ಲಾಸ್ಟಿಕ್ ಕವರಿನಲ್ಲಿ ಬಂದದ್ದು ಎಷ್ಟು, ಬರಬೇಕಾಗಿದ್ದದ್ದು ಎಷ್ಟು, ನೀವೇ ನೋಡಿ.

ಡಿಸೆಂಬರಿನಲ್ಲಿ ಅರ್ಜಿ ಹಾಕಿದೆವು. ನಮ್ಮ ರಾಜ್ಯದಲ್ಲಿ ಇದನ್ನು ಕೇಳುವುದು ಹಿರಿಯ ಸಿವಿಲ್ ಜಡ್ಜ್ ಕೋರ್ಟು. ಛಾಪಾ ಕಾಗದದ ಬಗ್ಗೆ ಮೇಡಂಗೆ ಚಿಂತೆ ಇರಲಿಲ್ಲ. ಅವರ ತಲೆನೋವು ಆಸ್ಪತ್ರೆ ಚೀಟಿ.

ಅಲ್ಲಿ ಇನ್ನೊಂದು ಗೊತ್ತಾಯಿತು. ತೋಟಕ್ಕೆ ಕೆಲಸಗಾರರ ಇನ್ಶೂರೆನ್ಸ್ ಇತ್ತು! ಬಿದ್ದ ದಿನವೇ ನಿಜ ಹೇಳಿ ತಿಳಿಸಿದ್ದರೆ ಆ ಕಂಪನಿಯನ್ನೇ ಕೇಳಬಹುದಿತ್ತು. ಈಗ ಇನ್ಶೂರೆನ್ಸ್ ಕಡೆ ಲಾಯರು ಎದ್ದು ನಿಂತು ಹೇಳುವುದು ಒಂದೇ, ‘ಆಸ್ಪತ್ರೆ ದಾಖಲೆಯಲ್ಲಿ ಮನೆ ಅಂತ ಇದೆ ಸ್ವಾಮಿ, ಹೇಳಿದವನು ಸ್ವಂತ ತಮ್ಮ’. ನನ್ನನ್ನು ಸಾಕ್ಷಿ ಕಟ್ಟೆಯಲ್ಲಿ ನಿಲ್ಲಿಸಿ ಕೇಳಿದರು. ಆವತ್ತು ಹೇಳಿದ್ದು ಸುಳ್ಳಾ, ಇವತ್ತು ಹೇಳುತ್ತಿರುವುದು ಸುಳ್ಳಾ? ಆವತ್ತು ಹೇಳಿದ್ದೇ ಸುಳ್ಳು ಅಂದೆ. ಹಾಗಾದರೆ ನೀನು ಸುಳ್ಳು ಹೇಳುವವನು ಅಂತ ಆಯಿತಲ್ಲ ಅಂದರು. ಹಿಂದೆ ಬೆಂಚಿನ ಮೇಲೆ ಅಣ್ಣ ಕೂತಿದ್ದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಮನೆಗೆ ಬರುವಾಗ ಅವನು, ‘ಬಿಡೋ, ನಾನು ಬೇಗ ವಾಸಿ ಆಗ್ಲಿ ಅಂತ ಹೇಳ್ದೆ ನೀನು’ ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ, ಆಸ್ಪತ್ರೆಯಲ್ಲಿ ಯಾವ ತೋಟ, ಏನು ಕೆಲಸ, ಎಷ್ಟು ಹೊತ್ತಿಗೆ ಅಂತ ಇದ್ದದ್ದು ಇದ್ದ ಹಾಗೆ ಬರೆಸಿ. ಬರೆದದ್ದನ್ನು ಓದಿ ಹೇಳಿ ಅಂತ ಕೇಳಿ. ಎಂಎಲ್‌ಸಿ ಆದರೆ ಆಗಲಿ, ಅದು ನಿಮ್ಮ ಪರವಾಗಿ ನಿಲ್ಲುವ ಕಾಗದ. ಮಾಲೀಕರಿಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ರಿಜಿಸ್ಟರ್ ಪೋಸ್ಟಿನಲ್ಲಿ ಬರೆದು ಕಳಿಸಿ. ಏಣಿ, ಮರ, ಬಿದ್ದ ಜಾಗ ಫೋನಿನಲ್ಲಿ ಫೋಟೋ ತೆಗೆದಿಡಿ. ಸೈನ್ ಹಾಕಿ ಆಗಿದ್ದರೂ ಮುಗಿಯಿತು ಅಂದುಕೊಳ್ಳಬೇಡಿ. ನಮ್ಮದು ಹಳೇ ಕಾಯ್ದೆಯ ಕೇಸು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಾಗಾಗಿ ಈಗ ಪೆಟ್ಟಾದವರು ತಡ ಮಾಡದೆ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ರೈಟರನ್ನು ಕೇಳಬೇಡಿ. ರೈಟರ್ ಎಷ್ಟೇ ಒಳ್ಳೆಯವರ ಹಾಗೆ ಕಂಡರೂ ಅವರು ಸಂಬಳ ತಗೊಳ್ಳುವುದು ತೋಟದಿಂದ.

ಆವತ್ತು ಅಣ್ಣನ ಜೊತೆ ಮೆಣಸು ಕೊಯ್ಯುತ್ತಿದ್ದವರಲ್ಲಿ ಇಬ್ಬರು ಸಾಕ್ಷಿ ಹೇಳುತ್ತೇವೆ ಅಂದಿದ್ದರು. ಒಬ್ಬರು ಈಗ ಬರುವುದಿಲ್ಲ ಅಂದಿದ್ದಾರೆ. ಅವರು ಈಗ ಅದೇ ತೋಟದವರು ಕೂಲಿಯವರಿಗೆ ಕೊಡುವ ಲೈನ್ ಮನೆಯಲ್ಲಿದ್ದಾರೆ, ಬಿಡಿಸಿದರೆ ಎಲ್ಲಿಗೆ ಹೋಗಲಿ ಅಂತ ಹೆದರಿಕೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇನ್ನೊಬ್ಬರು ಮುಂದಿನ ವಾಯಿದೆಗೆ ಬರುತ್ತೇನೆ ಅಂದಿದ್ದಾರೆ. ನಾನೇ ಹೋಗಿ ಆಟೋದಲ್ಲಿ ಕರೆದುಕೊಂಡು ಬರುತ್ತೇನೆ.