ಭದ್ರತಾ ಅನುಮತಿಗೆ ಮುನ್ನ ಪಡೆದ ಕಾನೂನು ಸಲಹೆ

ಅಮೆರಿಕ ಸರ್ಕಾರದ ಭದ್ರತಾ ಅನುಮತಿಗೆ (ಗೋಪ್ಯ ಮಾಹಿತಿಯನ್ನು ನೋಡಲು ಬೇಕಾದ ಅನುಮತಿ) ಅರ್ಜಿ ಸಲ್ಲಿಸುವ ಮುನ್ನ, ಬಾಕಿ ಉಳಿದಿದ್ದ ಕ್ರೆಡಿಟ್ ಕಾರ್ಡ್ ಸಾಲವೂ ಹಿಂದಿನ ಕುಡಿತವೂ ನನ್ನನ್ನು ಕಾಡುತ್ತಿದ್ದುದರಿಂದ ಈ ವಕೀಲರ ಸಲಹಾ ಸೇವೆಯನ್ನು ಪಡೆದೆ. ಅರ್ಜಿದಾರರನ್ನು ಅಳೆಯಲು 2017ರಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳಲ್ಲಿ ‘ಎಫ್’ ಹಣಕಾಸಿಗೂ ‘ಜಿ’ ಮದ್ಯಪಾನಕ್ಕೂ ಸಂಬಂಧಿಸಿದ್ದೆಂದೂ, ಸಾಲದ ಮೊತ್ತವನ್ನಷ್ಟೇ ಅಲ್ಲದೆ ಅದು ಏಕೆ ಬೆಳೆಯಿತು, ಈಗ ಹೇಗೆ ತೀರುತ್ತಿದೆ ಎಂಬುದನ್ನೂ ಅಧಿಕಾರಿಗಳು ತೂಗಿ ನೋಡುತ್ತಾರೆಂದೂ ಅವರು ತಾಳ್ಮೆಯಿಂದ ವಿವರಿಸಿದರು. ಎಸ್‌ಎಫ್-86 ಎಂಬ ಅರ್ಜಿ ನಮೂನೆಯಲ್ಲಿ ಹಣಕಾಸಿನ ವಿವರ ಕೇಳುವ 26ನೇ ವಿಭಾಗವನ್ನು ಮುಂದಿಟ್ಟುಕೊಂಡು, ಕಳೆದ 7 ವರ್ಷಗಳಲ್ಲಿ 120 ದಿನಕ್ಕೂ ಮೀರಿ ಬಾಕಿಯಾಗಿದ್ದ ಒಂದೊಂದು ಸಾಲವನ್ನೂ ಬರೆಸಿ, ಅದರ ಕಂತಿನ ರಸೀದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಟ್ಟರು. ನನಗೆ ನಿಜಕ್ಕೂ ಧೈರ್ಯ ಬಂದದ್ದು ಆಗಲೇ. ಏನನ್ನೂ ಮುಚ್ಚಿಡಬೇಡಿ, ಸಾಲಕ್ಕಿಂತ ಸುಳ್ಳೇ ಮುಳುವಾದೀತು ಎಂದು ಖಂಡಿತವಾಗಿ ಹೇಳಿದ್ದೂ ಮೆಚ್ಚುಗೆಯಾಯಿತು. ಆದರೆ ಕುಡಿತ ಬಿಟ್ಟದ್ದನ್ನು ತೋರಿಸುವ ಚಿಕಿತ್ಸಾ ದಾಖಲೆಗಳ ಚರ್ಚೆ ಹತ್ತೇ ನಿಮಿಷಕ್ಕೆ ಮುಗಿದುಹೋಯಿತು; ಅದಕ್ಕೆ ಇನ್ನೊಂದು ಭೇಟಿ ಬೇಕಿತ್ತು.